ಗಾಳಿಯ ದಿನ ಉಡುಪಿಯಿಂದ ಬಜ್ಪೆಗೆ: ಸ್ಟ್ಯಾಂಡಿನ ಟ್ಯಾಕ್ಸಿಯೊಂದರ ಸೇವೆ

ಊರಿಗೆ ಮರಳುವ ವಿಮಾನ ಸಂಜೆಗಿದ್ದರೆ ಹಗಲನ್ನು ಕಳೆಯುವುದೇ ಒಂದು ಕೆಲಸವಾಗುತ್ತದೆ. ಲಾಡ್ಜಿನ ಕೋಣೆಯನ್ನು ಬೆಳಿಗ್ಗೆಯೇ ಬಿಟ್ಟುಕೊಡಬೇಕು, ಪೆಟ್ಟಿಗೆಗಳನ್ನು ಎಲ್ಲಿಡುವುದೆಂದು ತಿಳಿಯುವುದಿಲ್ಲ, ಜೊತೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಬಸ್ಸಿನಿಂದ ಬಸ್ಸಿಗೆ ಹತ್ತಿಸಿ ಇಳಿಸುವುದೂ ಆಗದು. ಕಳೆದ ಅಕ್ಟೋಬರಿನಲ್ಲಿ ಕುಂದಾಪುರದ ಮದುವೆಯೊಂದನ್ನು ಮುಗಿಸಿ ಉಡುಪಿಯಲ್ಲಿ ಎರಡು ರಾತ್ರಿ ತಂಗಿದ್ದ ನನಗೂ ನನ್ನ ತಾಯಿಗೂ ಇದೇ ಪ್ರಶ್ನೆ ಎದುರಾಗಿತ್ತು. ನಾವು ಧಾರವಾಡದವರು, ಈಗ ಮುಂಬಯಿಯಲ್ಲಿ ನೆಲೆಸಿದ್ದೇವೆ. ತಾಯಿಗೆ ಎಪ್ಪತ್ತನಾಲ್ಕು ವರ್ಷ, ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಟ್ಯಾಕ್ಸಿ ಸ್ಟ್ಯಾಂಡಿನ ಒಂದು ಕಾರಿನಲ್ಲಿ ನಾವು ಆ ದಿನವನ್ನು ಹೇಗೆ ಕಳೆದೆವು, ಆ ಸೇವೆಯಲ್ಲಿ ಏನು ಚೆನ್ನಾಗಿತ್ತು, ಎಲ್ಲಿ ಕೊರತೆಯಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಾಲಕರು ಸ್ವಂತ ಕಾರಿನವರು. ಅವರ ಹೆಸರನ್ನೂ ಫೋನ್ ನಂಬರನ್ನೂ ಅವರನ್ನು ಕೇಳದೆ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ.

ಮೊದಲು ನಾನು ಕಾರು ಗೊತ್ತುಮಾಡಿದ್ದು ಆನ್‌ಲೈನಿನ ಒಂದು ಸಂಸ್ಥೆಯ ಮೂಲಕ. ಎಂಟು ಗಂಟೆ, 80 ಕಿಲೋಮೀಟರಿನ ಪ್ಯಾಕೇಜಿಗೆ 2,900 ರೂಪಾಯಿ ಎಂದು ತೋರಿಸಿ ಅರ್ಧ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಂಡರು. ಹಿಂದಿನ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ವಾಹನ ಲಭ್ಯವಿಲ್ಲವೆಂಬ ಒಂದು ಸಾಲಿನ ಸಂದೇಶ ಬಂತು. ಹಣವೇನೋ ಒಂಬತ್ತು ದಿನಗಳ ನಂತರ ಖಾತೆಗೆ ಮರಳಿತು, ಆದರೆ ಮರುದಿನ ವಿಮಾನ ಹತ್ತಬೇಕಾದ ಮುದುಕಿಯೊಬ್ಬರನ್ನು ಕರೆದುಕೊಂಡಿರುವವರಿಗೆ ಆ ಹೊತ್ತಿನಲ್ಲಿ ಅಂಥ ಸಂದೇಶ ಎಷ್ಟು ಕಂಗೆಡಿಸುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಲಾಡ್ಜಿನ ಮ್ಯಾನೇಜರರು ಸ್ಟ್ಯಾಂಡಿನ ಚಾಲಕರೊಬ್ಬರಿಗೆ ಫೋನ್ ಮಾಡಿಕೊಟ್ಟರು. ಅವರು ಹೇಳಿದ ಮೊತ್ತ 4,200 ರೂಪಾಯಿ. ಟೋಲ್ ಮತ್ತು ಪಾರ್ಕಿಂಗ್ ಬೇರೆ. ಮೊದಲು ನನಗೆ ಅದು ಹೆಚ್ಚೆನಿಸಿತು. ಆಮೇಲೆ ಅವರು ಲೆಕ್ಕ ಬಿಡಿಸಿ ಹೇಳಿದರು: ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿದ ಮೇಲೆ ಕಾರು ಖಾಲಿಯಾಗಿ ಉಡುಪಿಗೆ ಮರಳಬೇಕು, ಆ ದೂರವೇ ಐವತ್ತು ಕಿಲೋಮೀಟರಿಗೂ ಹೆಚ್ಚು, ಪ್ಯಾಕೇಜಿನ ಕಿಲೋಮೀಟರುಗಳನ್ನು ಕಾರು ಹೊರಟ ಜಾಗದಿಂದ ಮರಳಿ ಅದೇ ಜಾಗ ಸೇರುವವರೆಗೆ ಎಣಿಸುತ್ತಾರೆ. ಅಂದರೆ ಆ ಆನ್‌ಲೈನ್ ದರದಲ್ಲಿ ಹೋಗಿದ್ದರೂ ಕೊನೆಯಲ್ಲಿ ನಾನು ತೆರುತ್ತಿದ್ದ ಹಣ ಇದಕ್ಕಿಂತ ಕಡಿಮೆಯಾಗುತ್ತಿರಲಿಲ್ಲ. ಈ ಲೆಕ್ಕವನ್ನು ಕೇಳುವ ಮೊದಲೇ ತಾವಾಗಿ ಹೇಳಿದ್ದು ಅವರ ಮೇಲೆ ನನಗೆ ಬಂದ ಮೊದಲ ವಿಶ್ವಾಸ.

ಬೆಳಿಗ್ಗೆ ಆರೂವರೆಗೆಲ್ಲ ನಾವು ರಥಬೀದಿಗೆ ನಡೆದುಹೋಗಿ ಕೃಷ್ಣಮಠದಲ್ಲಿ ದರ್ಶನ ಮುಗಿಸಿದ್ದೆವು. ನವಗ್ರಹ ಕಿಂಡಿಯ ಒಂಬತ್ತು ರಂಧ್ರಗಳಲ್ಲಿ ಕಣ್ಣಿಟ್ಟು ತಾಯಿ ನಿಂತೇ ಇದ್ದರು, ಹಿಂದಿನ ಸಾಲು ಚಿಕ್ಕದಿದ್ದುದರಿಂದ ಯಾರೂ ಅವಸರಪಡಿಸಲಿಲ್ಲ. ಅನಂತೇಶ್ವರ, ಚಂದ್ರಮೌಳೀಶ್ವರಕ್ಕೂ ಕೈಮುಗಿದು, ಮಿತ್ರ ಸಮಾಜ ಹೋಟೆಲಿನಲ್ಲಿ ಇಡ್ಲಿ, ಬನ್ಸ್ ತಿಂದು ಲಾಡ್ಜಿಗೆ ಬರುವಾಗಲೇ ಗಾಳಿ ಎದ್ದಿತ್ತು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿದೆಯೆಂದು ಅಂದಿನ ಪತ್ರಿಕೆಯಲ್ಲಿತ್ತು. ಮಳೆಯಿರಲಿಲ್ಲ, ಶರತ್ಕಾಲದ ತಿಳಿ ಬಿಸಿಲೇ ಇತ್ತು, ಆದರೆ ಅಂಗಡಿಗಳ ಮುಂದಿನ ತಗಡುಗಳು ಸದ್ದು ಮಾಡುತ್ತಿದ್ದವು.

ಕಾರು ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ, ಎಂಟು ಐವತ್ತಕ್ಕೆ, ಬಂದು ನಿಂತಿತ್ತು. ಹಳದಿ ಬೋರ್ಡಿನ ಸೆಡಾನ್, ಒಳಗೆಲ್ಲ ಸ್ವಚ್ಛವಾಗಿತ್ತು. ಆದರೆ ಡಿಕ್ಕಿ ತೆರೆದಾಗ ನಮಗೆ ನಿರಾಶೆಯಾಯಿತು. ಅದು ಸಿಎನ್‌ಜಿ ಕಾರು. ಡಿಕ್ಕಿಯ ಮುಕ್ಕಾಲು ಪಾಲನ್ನು ಗ್ಯಾಸಿನ ಸಿಲಿಂಡರೇ ಆವರಿಸಿತ್ತು. ಎರಡು ದೊಡ್ಡ ಪೆಟ್ಟಿಗೆ, ಮದುವೆಯ ಉಡುಗೊರೆಯ ಒಂದು ರಟ್ಟಿನ ಡಬ್ಬ, ಎರಡು ಕೈಚೀಲಗಳಿದ್ದ ನಮಗೆ ಅಲ್ಲಿ ಕೈಚೀಲಗಳಿಗಷ್ಟೇ ಜಾಗವಿತ್ತು. ಇದನ್ನು ಹಿಂದಿನ ರಾತ್ರಿ ಫೋನಿನಲ್ಲೇ ಹೇಳಬೇಕಾಗಿತ್ತು. ಎಷ್ಟು ಲಗೇಜಿದೆಯೆಂದು ಅವರು ಕೇಳಲಿಲ್ಲ, ಡಿಕ್ಕಿ ಹೇಗಿದೆಯೆಂದು ನಾನೂ ಕೇಳಲಿಲ್ಲ. ಆದರೆ ವಿಮಾನ ನಿಲ್ದಾಣಕ್ಕೆ ಹೋಗುವವರೆಂದು ತಿಳಿದ ಮೇಲೆ ಕೇಳುವ ಹೊಣೆ ಕಾರಿನವರದೇ ಎಂದು ನನ್ನ ಅಭಿಪ್ರಾಯ. ಅವರು ವಾದ ಮಾಡಲಿಲ್ಲ. “ಹೇಳಬೇಕಿತ್ತು, ತಪ್ಪು ನಂದೇ ಅಮ್ಮ” ಎಂದು ತಾಯಿಯ ಕಡೆಗೆ ತಿರುಗಿ ಹೇಳಿ, ಮೇಲಿನ ಕ್ಯಾರಿಯರಿನಲ್ಲಿ ಪೆಟ್ಟಿಗೆಗಳನ್ನು ಮಲಗಿಸಿದರು. ಚಕ್ರಗಳು ಹಿಂದಕ್ಕೆ, ಹಿಡಿಕೆಗಳು ಮುಂದಕ್ಕೆ ಬರುವಂತೆ ಜೋಡಿಸಿ, ಟರ್ಪಾಲನ್ನು ಪೆಟ್ಟಿಗೆಗಳ ಮೇಲೆ ಸುಮ್ಮನೆ ಹೊದಿಸದೆ ಕೆಳಗಿನಿಂದ ಸುತ್ತಿ ತಂದು ಮುಂಭಾಗದ ಅಂಚನ್ನು ಒಳಗೆ ಮಡಚಿದರು. ಗಾಳಿ ಎದುರಿನಿಂದ ಹೊಕ್ಕರೆ ಟರ್ಪಾಲು ಉಬ್ಬಿ ಹರಿಯುತ್ತದೆ, ಅದಕ್ಕೇ ಮಡಿಕೆ ಮುಂದೆ ಇರಬೇಕು ಎಂದು ವಿವರಿಸಿದರು. ನೈಲಾನ್ ಹಗ್ಗ ಜಾರುತ್ತದೆಂದು ಅದರ ಮೇಲೆ ತೆಂಗಿನ ನಾರಿನ ಹಗ್ಗವನ್ನು ಇನ್ನೊಂದು ಸುತ್ತು ಹಾಕಿದರು. ಈ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ನಮ್ಮ ಯೋಜನೆಯಲ್ಲಿ ಮೊದಲು ಇದ್ದದ್ದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು ಬಹುಕೋನದ ಕಂಬಗಳಾಗಿ ನಿಂತಿರುವ ಆ ಬಂಡೆಗಳನ್ನು ನೋಡಬೇಕೆಂಬುದು ನನ್ನ ಬಹಳ ದಿನಗಳ ಆಸೆಯಾಗಿತ್ತು. ಚಾಲಕರು ಹೊರಡುವಾಗಲೇ ಹೇಳಿದ್ದರು: “ಇವತ್ತು ಬೋಟ್ ಬಿಡುವುದು ಕಷ್ಟ ಉಂಟು. ಹೋಗಿ ನೋಡುವಾ, ಆದರೆ ನೀವು ಫೋನಿನಲ್ಲಿ ಟಿಕೆಟ್ ತೆಗೆಯುವುದು ಬೇಡ.” ಮಲ್ಪೆಗೆ ಹೋದಾಗ ಬಂದರಿನಲ್ಲಿ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಒಂದಕ್ಕೊಂದು ಒರಗಿ ಕಟ್ಟಿಕೊಂಡಿದ್ದವು. ಜೂನ್, ಜುಲೈ ತಿಂಗಳ ನಿಷೇಧ ಮುಗಿದು ಮೀನುಗಾರಿಕೆ ಭರದಲ್ಲಿರಬೇಕಾದ ಕಾಲದಲ್ಲಿ ಅಷ್ಟು ಬೋಟುಗಳು ದಡದಲ್ಲಿರುವುದೇ ಕಡಲಿನ ಸ್ಥಿತಿಯನ್ನು ಹೇಳುತ್ತಿತ್ತು. ಕಡಲತೀರದಲ್ಲಿ ಕೆಂಪು ಬಾವುಟ ಹಾರುತ್ತಿತ್ತು, ದ್ವೀಪಕ್ಕೆ ಪ್ರವಾಸಿ ಬೋಟು ಇರಲಿಲ್ಲ. ದ್ವೀಪ ಮಾತ್ರ ದೂರದಲ್ಲಿ ತೆಂಗಿನ ತಲೆಗಳ ಗೆರೆಯಾಗಿ ಕಾಣುತ್ತಿತ್ತು.

ನಾನು ಈ ಸೇವೆಯನ್ನು ಮೆಚ್ಚಲು ಮುಖ್ಯ ಕಾರಣ ಇಲ್ಲಿಂದ ಶುರುವಾಗುತ್ತದೆ. ಬೋಟು ಇಲ್ಲವೆಂದಾದರೆ ಎರಡು ಗಂಟೆ ಖಾಲಿಯಾಗುತ್ತದೆ. ಆ ಹೊತ್ತನ್ನು ಯಾವುದಾದರೂ ಗೋಡಂಬಿ ಅಂಗಡಿಯಲ್ಲೋ ಸೀರೆ ಅಂಗಡಿಯಲ್ಲೋ ಕಳೆಸುವ ಚಾಲಕರನ್ನು ನಾವು ಬೇರೆ ಊರುಗಳಲ್ಲಿ ಕಂಡಿದ್ದೇವೆ. ಇವರು ಕಾರನ್ನು ಬದಿಗೆ ನಿಲ್ಲಿಸಿ, ತಾಯಿ ಎಷ್ಟು ಮೆಟ್ಟಿಲು ಹತ್ತಬಲ್ಲರು, ಮರಳಿನಲ್ಲಿ ನಡೆಯಬಲ್ಲರೇ, ಮಧ್ಯಾಹ್ನದ ಔಷಧಿಗೆ ಊಟ ಎಷ್ಟು ಹೊತ್ತಿಗೆ ಆಗಬೇಕು ಎಂದು ಮೂರು ಪ್ರಶ್ನೆ ಕೇಳಿದರು. ಆಮೇಲೆ ಹೆದ್ದಾರಿ ಹಿಡಿಯುವ ಬದಲು ಪಡುಕೆರೆಯ ಸೇತುವೆ ದಾಟಿ ಕಡಲ ದಂಡೆಯ ರಸ್ತೆಯಲ್ಲೇ ಮಟ್ಟು ಕಡೆಗೆ ಹೋಗುವುದು, ಕಾಪುವಿನಲ್ಲಿ ಸ್ವಲ್ಪ ನಿಲ್ಲುವುದು, ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿಯ ಮೇಲೆ ಕಟೀಲು ಸೇರಿ ಅಲ್ಲಿಯೇ ಪ್ರಸಾದದ ಊಟ, ವಿಶ್ರಾಂತಿ, ನಂತರ ಬಜ್ಪೆ ಎಂದು ದಾರಿಯನ್ನು ಹೊಸದಾಗಿ ಹಾಕಿಕೊಟ್ಟರು. ಮಂಗಳೂರು ನಗರವನ್ನು ಹೊಕ್ಕರೆ ಸುರತ್ಕಲ್, ಕೂಳೂರು ಕಡೆಯ ವಾಹನದಟ್ಟಣೆಯಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ಹೇಳಲಾಗದು, ಕಟೀಲಿನ ದಾರಿಯಲ್ಲಿ ಆ ಭಯವಿಲ್ಲ ಎಂಬುದು ಅವರ ಲೆಕ್ಕ. ವಿಮಾನದ ಸಮಯವನ್ನು ಹಿಂದಿನಿಂದ ಎಣಿಸುತ್ತ ಬಂದು ದಾರಿಯನ್ನು ಹಾಕುವ ಈ ಬುದ್ಧಿಯನ್ನು ಫೋನಿನ ಮ್ಯಾಪು ನಮಗೆ ಕೊಡುತ್ತಿರಲಿಲ್ಲ.

ಪಡುಕೆರೆಯಿಂದ ಮಟ್ಟುವಿನವರೆಗಿನ ರಸ್ತೆಯನ್ನು ನೋಡದವರು ಒಮ್ಮೆ ನೋಡಲೇಬೇಕು. ಬಲಕ್ಕೆ ಕಡಲು, ಎಡಕ್ಕೆ ಕಡಲಿಗೆ ಸಮಾನಾಂತರವಾಗಿ ಹರಿಯುವ ಉದ್ಯಾವರ ಹೊಳೆ, ನಡುವೆ ತೆಂಗಿನ ತೋಟ, ಮನೆಗಳು ಮತ್ತು ಈ ಕಿರಿದಾದ ರಸ್ತೆ. ಕಡಲ್ಕೊರೆತ ತಡೆಯಲು ಸುರಿದ ದೊಡ್ಡ ಕಲ್ಲುಗಳಿಗೆ ಅಂದು ಅಲೆಗಳು ಬಡಿದು ಹನಿಗಳು ರಸ್ತೆಯವರೆಗೆ ಬರುತ್ತಿದ್ದವು, ಎಡಗಡೆಯ ಹೊಳೆಯ ನೀರಿನಲ್ಲಿ ಮಾತ್ರ ಸಣ್ಣ ನಿರಿಗೆಗಳು. ಒಂದೇ ಗಾಳಿಗೆ ಎರಡು ನೀರು ಎಷ್ಟು ಬೇರೆಯಾಗಿ ಅಲುಗುತ್ತವೆಂದು ತಾಯಿ ಎರಡೂ ಕಿಟಕಿಗಳ ಕಡೆ ತಿರುತಿರುಗಿ ನೋಡುತ್ತಿದ್ದರು. ಬಯಲುಸೀಮೆಯಲ್ಲಿ ಬೆಳೆದ ಅವರಿಗೆ ಗಾಳಿಯೆಂದರೆ ಧೂಳು. ಉಪ್ಪಿನ ರುಚಿಯ ಗಾಳಿಯನ್ನು ಅವರು ತುಟಿಯ ಮೇಲೆ ನಾಲಿಗೆಯಾಡಿಸಿ ನೋಡಿದ್ದನ್ನು ನಾನು ಕಂಡೆ. “ಸಾವಕಾಶ ಹೊಡಿ ತಮ್ಮಾ, ಗಡಿಬಿಡಿ ಏನಿಲ್ಲ” ಎಂದು ಚಾಲಕರಿಗೆ ಹೇಳಿದರು. ಗಾಡಿಯ ವೇಗ ಇಪ್ಪತ್ತೈದಕ್ಕಿಂತ ಮೇಲೆ ಹೋಗಲಿಲ್ಲ.

ಮಟ್ಟು ಊರಿನ ಬದನೆ, ಮಟ್ಟುಗುಳ್ಳ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದ ಬೆಳೆಯೆಂಬ ನಂಬಿಕೆ ಅಲ್ಲಿದೆ. ಗುಂಡಗೆ, ತಿಳಿಹಸಿರು ಮೈಯಲ್ಲಿ ಬಿಳಿ ಗೆರೆಗಳಿರುವ ಆ ಕಾಯಿಯನ್ನು ಊರಿಗೆ ಒಯ್ಯಬೇಕೆಂದು ತಾಯಿಗೆ ಮನಸ್ಸಿತ್ತು, ಆದರೆ ಅದರ ಕಾಲ ಇನ್ನೂ ಬಂದಿರಲಿಲ್ಲ. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ನೆರಳಿದ್ದ ಜಾಗವೆಂದು ತೆಂಗಿನ ಮರಗಳ ಕೆಳಗೆ ಕಾರು ನಿಲ್ಲಿಸಿ ಎಂದೆ. ಅವರು ಒಪ್ಪದೆ, ಐವತ್ತು ಹೆಜ್ಜೆ ಮುಂದೆ ಬಿಸಿಲಿನ ಬಯಲಿನಲ್ಲಿ ನಿಲ್ಲಿಸಿದರು. ನಾವು ಇಳಿದು ನಿಂತಿದ್ದ ಸ್ವಲ್ಪ ಹೊತ್ತಿನಲ್ಲೇ ನಾನು ತೋರಿಸಿದ್ದ ಜಾಗಕ್ಕೆ ತೆಂಗಿನ ಒಂದು ಒಣ ಗರಿ ಧೊಪ್ಪನೆ ಬಿತ್ತು. ಚಾಲಕರು ಅದರ ಬಗ್ಗೆ ಏನೂ ಹೇಳಲಿಲ್ಲ. ಆ ದಿನ ಪೂರ್ತಿ, ಕಟೀಲಿನಲ್ಲೂ, ಅವರು ಕಾರನ್ನು ಮರದ ಕೆಳಗೆ ನಿಲ್ಲಿಸಿದ್ದನ್ನು ನಾನು ನೋಡಲಿಲ್ಲ.

ಕಾಪುವಿನ ದೀಪಸ್ತಂಭ 1901ರದ್ದು, ಸುಮಾರು 27 ಮೀಟರ್ ಎತ್ತರವಿದೆ. ಪ್ರವಾಸಿಗರಿಗೆ ಮೇಲೆ ಹತ್ತಲು ಬಿಡುವುದು ಸಂಜೆಯ ಹೊತ್ತು. ಇದನ್ನು ಚಾಲಕರು ಮೊದಲೇ ತಿಳಿಸಿದ್ದರಿಂದ ಬೇಸರವಾಗಲಿಲ್ಲ. ತಾಯಿ ಕಾರಿನಲ್ಲೇ ಕುಳಿತರು, ನಾನೊಬ್ಬಳೇ ಬಂಡೆಯ ಬುಡದವರೆಗೆ ಹೋಗಿಬಂದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರೂ ನಡೆಯುವುದು ಕಷ್ಟವಾಗುವಷ್ಟು ಗಾಳಿಯಿತ್ತು, ಅಲೆಗಳು ಬಂಡೆಯ ಎರಡೂ ಮಗ್ಗುಲಿಂದ ಬಂದು ಒಂದರೊಳಗೊಂದು ಸೇರುತ್ತಿದ್ದವು. ಹತ್ತು ನಿಮಿಷ ನಿಂತು ಮರಳಿದೆ.

ಕಾಪು ದಾಟಿ ಹೆದ್ದಾರಿಗೆ ಬಂದ ಮೇಲೆ ಮೇಲಿನಿಂದ ಪಟಪಟ ಎಂಬ ಸದ್ದು ಕೇಳತೊಡಗಿತು. ಲಾರಿಗಳು ಎದುರಾದಾಗಲೆಲ್ಲ ಸದ್ದು ಜೋರಾಗುತ್ತಿತ್ತು. ಉಚ್ಚಿಲ ಕಳೆದು ಪಡುಬಿದ್ರಿ ಬರುವಷ್ಟರಲ್ಲಿ ನನಗೆ ಪೆಟ್ಟಿಗೆಗಳದ್ದೇ ಚಿಂತೆಯಾಯಿತು. ಅವರೂ ಕೇಳಿಸಿಕೊಂಡಿದ್ದರು, ಹೆದ್ದಾರಿಯಿಂದ ಒಳಗೆ ತಿರುಗಿಸಿ ಒಂದು ಗ್ಯಾರೇಜಿನ ಗೋಡೆಯ ಮರೆಯಲ್ಲಿ ನಿಲ್ಲಿಸಿದರು. ಟರ್ಪಾಲಿನ ಹಿಂದಿನ ಮೂಲೆಯೊಂದು ಬಿಚ್ಚಿಕೊಂಡು ಅದರ ಹಿತ್ತಾಳೆಯ ಬಳೆ ಪೆಟ್ಟಿಗೆಗೆ ಬಡಿಯುತ್ತಿತ್ತು, ತಾಯಿಯ ಪೆಟ್ಟಿಗೆಯ ಮೇಲೆ ಅಂಗೈಯಷ್ಟಗಲ ಗೀರು ಬಿದ್ದಿತ್ತು. ಅವರು ಎಲ್ಲ ಗಂಟುಗಳನ್ನೂ ಬಿಚ್ಚಿ ಮೊದಲಿನಿಂದ ಕಟ್ಟಿದರು. ಗೀರಿನ ವಿಷಯದಲ್ಲಿ ಇನ್ನೂರು ರೂಪಾಯಿ ಕಡಿಮೆ ಕೊಡಿ ಎಂದು ಅವರೇ ಹೇಳಿದರು, ತಾಯಿ ಒಪ್ಪಲಿಲ್ಲ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಮಾನ್ಯತೆಯ ಕಡಲತೀರಕ್ಕೆ ಹೋಗುವ ಆಸೆ ನನಗಿತ್ತು, ಆದರೆ ಪಡುವಣದಲ್ಲಿ ಮೋಡ ಕಟ್ಟುತ್ತಿರುವುದನ್ನು ತೋರಿಸಿ, ಮಳೆ ಬರುವ ಮುಂಚೆ ಕಟೀಲು ಸೇರುವಾ ಎಂದರು. ಹಾಗೇ ಮಾಡಿದೆವು. ಹೆಜಮಾಡಿಯ ಟೋಲ್ ದಾಟಿ, ಶಾಂಭವಿ ಹೊಳೆಯ ಸೇತುವೆಯ ಮೇಲೆ ಹೋಗುವಾಗ ಕಾರು ಪಕ್ಕಕ್ಕೆ ತಳ್ಳಿದಂತಾಯಿತು. ಮೂಲ್ಕಿಯಿಂದ ಒಳಗೆ ತಿರುಗಿದ ಮೇಲೆ ಗುಡ್ಡಗಳ ಮರೆಯಲ್ಲಿ ಗಾಳಿ ತಗ್ಗಿತು.

ಕಟೀಲನ್ನು ಬಗೆಬಗೆಯಾಗಿ ವರ್ಣಿಸುವುದು ಇಲ್ಲಿ ಬೇಡ. ನಂದಿನಿ ಹೊಳೆ ಇಬ್ಭಾಗವಾಗಿ ಹರಿಯುವ ನಡುವೆ ದುರ್ಗಾಪರಮೇಶ್ವರಿಯ ಗುಡಿಯಿದೆ. ಮಳೆಗಾಲದ ನೀರು ಇನ್ನೂ ಇಳಿಯದ ಅಕ್ಟೋಬರಿನಲ್ಲಿ ಹೊಳೆಯ ಸದ್ದು ಗುಡಿಯೊಳಗೂ ಕೇಳುತ್ತದೆ. ಪ್ರಸಾದದ ಊಟದಲ್ಲಿ ಬಡಿಸಿದ ಸಾರು, ಸಾಂಬಾರು, ಪಾಯಸ ಎಲ್ಲವನ್ನೂ ತಾಯಿ ಕೇಳಿ ಕೇಳಿ ಉಂಡರು. ಊಟವಾದ ಮೇಲೆ ಮಳೆ ಹನಿಯಿತು, ಒಂದು ಗಂಟೆ ಕುಳಿತೆವು. ಆ ಬಿಡುವಿನಲ್ಲಿ ಚಾಲಕರು ಕೇಳಿದ ಒಂದು ಮಾತಿನಿಂದ ನಮಗೆ ದೊಡ್ಡ ಉಪಕಾರವಾಯಿತು: “ಕೈಚೀಲದಲ್ಲಿ ಉಪ್ಪಿನಕಾಯಿ ಏನಾದರೂ ಉಂಟಾ?” ಕುಂದಾಪುರದ ಬೀಗರು ಕೊಟ್ಟ ಮಿಡಿ ಉಪ್ಪಿನಕಾಯಿಯ ಡಬ್ಬಿ ತಾಯಿಯ ಕೈಚೀಲದಲ್ಲೇ ಇತ್ತು, ಒಣಕೊಬ್ಬರಿ ದೊಡ್ಡ ಪೆಟ್ಟಿಗೆಯಲ್ಲಿತ್ತು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಒಣಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ, ಪವರ್ ಬ್ಯಾಂಕ್ ಇದ್ದರೆ ಅದು ಕೈಚೀಲದಲ್ಲೇ ಇರಬೇಕು ಎಂದು ಹೇಳಿ, ಮತ್ತೊಮ್ಮೆ ಹಗ್ಗ ಬಿಚ್ಚಿ ಪೆಟ್ಟಿಗೆ ಇಳಿಸಿಕೊಟ್ಟರು. ಉಪ್ಪಿನಕಾಯಿ ಪೆಟ್ಟಿಗೆ ಸೇರಿತು. ಕೊಬ್ಬರಿಯನ್ನು ತಾಯಿ ಅವರ ಮನೆಗೇ ಕೊಟ್ಟರು.

ಕೊರತೆಗಳನ್ನೂ ಬರೆಯದಿದ್ದರೆ ಓದುವವರಿಗೆ ಅನ್ಯಾಯವಾಗುತ್ತದೆ. ಡಿಕ್ಕಿಯ ಮಾತನ್ನು ಈಗಾಗಲೇ ಹೇಳಿದ್ದೇನೆ. ಅದಕ್ಕಿಂತ ಗಂಭೀರವಾದದ್ದು ಹಿಂದಿನ ಸೀಟಿನ ಬೆಲ್ಟುಗಳು ಸೀಟಿನ ಕವರಿನ ಕೆಳಗೆ ಹೂತುಹೋಗಿದ್ದದ್ದು. ಮಲ್ಪೆಯವರೆಗೆ ನಾವು ಬೆಲ್ಟಿಲ್ಲದೆಯೇ ಹೋದೆವು. ನಾನು ಕೇಳಿದ ಮೇಲೆ ಕವರನ್ನು ಸಡಿಲಿಸಿ ಹೊರಗೆ ತೆಗೆದುಕೊಟ್ಟರು. ಯಾರೂ ಕೇಳುವುದಿಲ್ಲ ಎಂದರು. ಕೇಳದಿದ್ದರೂ ಅವು ಕೈಗೆ ಸಿಗುವಂತಿರಬೇಕು, ಹಿಂದೆ ಕುಳಿತವರಿಗೂ ಬೆಲ್ಟು ಕಡ್ಡಾಯ. ಎಸಿಯ ತಂಪು ಹಿಂದಿನ ಸೀಟಿಗೆ ಸರಿಯಾಗಿ ಬರುತ್ತಿರಲಿಲ್ಲ, ಗಾಳಿಯ ದಿನವಾದ್ದರಿಂದ ನಡೆಯಿತು, ಏಪ್ರಿಲ್ ತಿಂಗಳಾಗಿದ್ದರೆ ಸಹಿಸುವುದು ಕಷ್ಟವಾಗುತ್ತಿತ್ತು. ರಸೀದಿ ಪುಸ್ತಕ ಇರಲಿಲ್ಲ. ಕಚೇರಿಗೆ ಬಿಲ್ಲು ಕೊಡಬೇಕಾದವರು ಮೊದಲೇ ಹೇಳಿಡುವುದು ಒಳ್ಳೆಯದು. ಇಬ್ಬರಿಗಿಂತ ಹೆಚ್ಚು ಜನರಿದ್ದು ಪೆಟ್ಟಿಗೆಗಳೂ ಇದ್ದರೆ ಸ್ಟ್ಯಾಂಡಿನಲ್ಲಿ ಏಳು ಸೀಟಿನ ಗಾಡಿಯನ್ನೇ ಕೇಳಿ. ನಾನಂತೂ ಮುಂದಿನ ಸಲ ಇವರನ್ನೇ ಕರೆಯುತ್ತೇನೆ, ಡಿಕ್ಕಿ ಖಾಲಿಯಿರುವ ಗಾಡಿಯನ್ನು ತನ್ನಿ ಎಂದು ಹೇಳಿ ಕರೆಯುತ್ತೇನೆ.

ಕಟೀಲಿನಿಂದ ಮೂರೂವರೆಗೆ ಹೊರಟು ನಾಲ್ಕೂಕಾಲಿಗೆ ನಿಲ್ದಾಣದಲ್ಲಿದ್ದೆವು. ವಿಮಾನ ಆರು ನಲವತ್ತಕ್ಕೆ. ಹಳೆಯ ಟರ್ಮಿನಲ್ ಬಜ್ಪೆಯ ಕಡೆಗಿದ್ದದ್ದರಿಂದ ಈಗಲೂ ಎಲ್ಲರೂ ಬಜ್ಪೆ ಎಂದೇ ಹೇಳುತ್ತಾರೆ, ಈಗಿನ ಟರ್ಮಿನಲ್ ಇರುವುದು ಕೆಂಜಾರಿನ ಕಡೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವಿದು, ರನ್‌ವೇಯ ತುದಿಗಳಾಚೆ ಇಳಿಜಾರು. ಕಣಿವೆಯಿಂದ ಮೇಲೇರಿ ಬರುವ ಗಾಳಿ ಅಲ್ಲಿ ಊರಿಗಿಂತ ಹೆಚ್ಚು ರಭಸವಾಗಿತ್ತು, ಲಗೇಜಿನ ಟ್ರಾಲಿಯೊಂದು ತನ್ನಷ್ಟಕ್ಕೆ ಉರುಳಿ ಹೋಗುತ್ತಿತ್ತು. ಚಾಲಕರು ಪೆಟ್ಟಿಗೆಗಳನ್ನು ಇಳಿಸಿ, ಟ್ರಾಲಿಯಲ್ಲಿ ಜೋಡಿಸಿ, ಗಾಲಿಕುರ್ಚಿಗೆ ಯಾರನ್ನು ಕೇಳಬೇಕೆಂದು ತೋರಿಸಿದರು. 4,200 ರೂಪಾಯಿ ಮತ್ತು ಟೋಲ್, ಪಾರ್ಕಿಂಗಿನ ಚೀಟಿಗಳಲ್ಲಿದ್ದಷ್ಟೇ ಹಣವನ್ನು ತೆಗೆದುಕೊಂಡರು. ಹೆಚ್ಚು ಓಡಿದ ಕಿಲೋಮೀಟರಿಗೆ ಏನನ್ನೂ ಕೇಳಲಿಲ್ಲ.

ಸೆಕ್ಯುರಿಟಿ ಮುಗಿಸಿ ಒಳಗೆ ಕುಳಿತಿದ್ದಾಗ, ಐದೂವರೆಯ ಹೊತ್ತಿಗೆ, ಅವರ ಫೋನ್ ಬಂತು. ಮುಂಬಯಿಯಿಂದ ಬರಬೇಕಾದ ವಿಮಾನ ಇಳಿಯಿತೇ ಎಂದು ಕೇಳಿದರು. ಇಂಥ ಗಾಳಿಯಲ್ಲಿ ಕೆಲವು ಸಲ ವಿಮಾನಗಳು ಇಲ್ಲಿ ಇಳಿಯದೆ ಬೇರೆ ಊರಿಗೆ ಹೋಗುವುದುಂಟು, ಹಾಗಾದರೆ ರಾತ್ರಿ ಅಮ್ಮನನ್ನು ಕರೆದುಕೊಂಡು ನೀವೊಬ್ಬರೇ ಎಲ್ಲಿ ಹೋಗಬೇಕು ಎಂದು ಯೋಚಿಸಿ ಬಜ್ಪೆ ಪೇಟೆಯಲ್ಲೇ ಚಹಾ ಕುಡಿದು ನಿಂತಿದ್ದೇನೆ ಎಂದರು. ಗಾಜಿನಾಚೆ ವಿಮಾನ ಅದೇ ತಾನೇ ಇಳಿದು ನಿಲ್ಲುತ್ತಿತ್ತು. ಇಳಿಯಿತು ಎಂದೆ. “ಹಾಗಾದರೆ ನಾನು ಹೊರಡ್ತೇನೆ, ಅಮ್ಮನಿಗೆ ಹೇಳಿ” ಎಂದು ಫೋನ್ ಇಟ್ಟರು.